ಒಕ್ಕಲು ಬಿಡುವ ಕಾಗದ

ನಾನು ದುಬೈಯ ಸತ್ವಾದಲ್ಲಿದ್ದ ನಿಮ್ಮ ಮನೆಗೆ ಬಂದ ಎರಡನೆಯ ವರ್ಷ ನಿಮ್ಮಪ್ಪನಿಗೆ ಅಬುಧಾಬಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಆದರೆ ಇದ್ದ ಕಂಪನಿಯ ಮ್ಯಾನೇಜರು, ಇವರು ಹೋಗಲು ಅಡ್ಡಿಯಿಲ್ಲ ಎಂದು ಕಾಗದ ಕೊಡಬೇಕಿತ್ತು. ಕಾಗದವಿಲ್ಲದೆ ಬಿಟ್ಟರೆ ಆರು ತಿಂಗಳ ಬ್ಯಾನ್, ಆ ದೇಶದಲ್ಲಿ ಬೇರೆಲ್ಲೂ ಕೆಲಸ ಮಾಡುವಂತಿಲ್ಲ. ವೀಸಾ ಹೋಗುತ್ತದೆ, ನಿಮ್ಮ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಹೊಸ ಕಂಪನಿಯವರು ಗುರುವಾರದವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು.

ಆ ಗುರುವಾರ ನಿಮ್ಮಪ್ಪ ಮ್ಯಾನೇಜರ ಸಹಿ ಕೇಳಲು ಹೊರಟಿದ್ದ. ಅಂದೇ ನಿಮ್ಮಲ್ಲಿ ದೊಡ್ಡವಳಿಗೆ ಚರಿತ್ರೆ ಪರೀಕ್ಷೆ. ತಿಂಡಿ ತಿನ್ನುತ್ತ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಪುಸ್ತಕದಲ್ಲಿ ಮೆಟ್ಟಿಲಿನಂಥ ಚಿತ್ರವಿತ್ತು. ತುದಿಯಲ್ಲಿ ರಾಜ, ಅವನ ಪಕ್ಕ ಬಿಷಪ್ಪರು, ಕೆಳಗೆ ಧಣಿಗಳು, ಕುದುರೆ ಸವಾರರು. ತೀರ ಕೆಳಗಿನವರು ಯಾರು ಎಂದು ಕೇಳಿದೆ.

"ಸರ್ಫ್ಸ್, ಅಜ್ಜಿ. ಧಣಿಯ ಗದ್ದೆ ಮಾಡುವವರು."

ಅವರು ಧಣಿಯನ್ನು ಕೇಳದೆ ಊರು ಬಿಡುವಂತಿಲ್ಲವಂತೆ, ಮಗಳ ಮದುವೆಯನ್ನೂ ಮಾಡುವಂತಿಲ್ಲವಂತೆ. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಇಗರ್ಜಿಗೆ. ಹಬ್ಬಕ್ಕೆ ಧಣಿಗೆ ಕೋಳಿ, ಮೊಟ್ಟೆ. ಮೇಲು ಕೆಳಗು ದೇವರೇ ಇಟ್ಟದ್ದು ಎಂದು ಪಾದ್ರಿಗಳು ಹೇಳಿದ್ದರಿಂದ ಎದುರಾಡುವವರು ಕಡಿಮೆಯಂತೆ. ಓಡಿಹೋಗಿ ಪೇಟೆಯಲ್ಲಿ ಒಂದು ವರ್ಷ ಒಂದು ದಿನ ಸಿಕ್ಕಿಬೀಳದೆ ಇದ್ದರೆ ಬಿಡುಗಡೆ.

"ನನಗಿಂತ ಅವರೇ ವಾಸಿ, ಪೇಟೆಯಾದರೂ ಇತ್ತು" ಎಂದು ನಿಮ್ಮಪ್ಪ ನಕ್ಕ. ನಿಮ್ಮಮ್ಮ ನಗಲಿಲ್ಲ.

ನನ್ನ ಅಪ್ಪನೂ ಧಣಿಯ ಗದ್ದೆ ಮಾಡುತ್ತಿದ್ದ ಗೇಣಿ ಒಕ್ಕಲು. ನನ್ನ ಮದುವೆಗೆ ಅಪ್ಪಣೆ ಕೇಳಲು ಹೋದಾಗ ಮೊದಲ ಫಸಲಿನ ಮುಳ್ಳುಸೌತೆ ಹೊತ್ತು ಧಣಿಯ ಅಂಗಳದಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದರು. ಬರಿಗೈಯಲ್ಲಿ ಹೋಗಿ ಕೇಳುವ ಕ್ರಮವೇ ನಮ್ಮಲ್ಲಿರಲಿಲ್ಲ. ಅದಕ್ಕೇ ಅಂದು ಬೆಳಿಗ್ಗೆ, ಯಾರಿಗೂ ಹೇಳದೆ, ಊರಿಂದ ತಂದ ಹಲಸಿನ ಹಪ್ಪಳದ ಕಟ್ಟನ್ನು ನಿಮ್ಮಪ್ಪನ ಚೀಲಕ್ಕೆ ಹಾಕಿದ್ದೆ. ಕಟ್ಟಿನ ಮೇಲೆ 'ಮ್ಯಾನೇಜರ್ ಸಾಹೇಬರಿಗೆ' ಎಂದು ಕನ್ನಡದಲ್ಲಿ ಬರೆದಿದ್ದೆ.

ನಿಮ್ಮಪ್ಪನೂ ದೊಡ್ಡವಳೂ ಹೊರಟ ಮೇಲೆ ನಿಮ್ಮಮ್ಮನಿಗೆ ಹೇಳಿದೆ.

"ಎಂತ ಮಾಡಿದಿರಿ ಅತ್ತೆ? ಸಹಿ ಹಾಕುವವರಿಗೆ ಏನಾದರೂ ಕೊಟ್ಟರೆ ಲಂಚವೆಂದು ಅಲ್ಲಿ ಕೆಲಸದಿಂದಲೇ ತೆಗೆಯುತ್ತಾರೆ."

ಫೋನು ಮಾಡಿದಳು, ಬಂದ್ ಆಗಿತ್ತು. ಮತ್ತೆ ಮತ್ತೆ ಮಾಡಿದಳು. ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತೇ ಇದ್ದೆ. ದೊಡ್ಡವಳು ಶಾಲೆಯಿಂದ ಬಂದು ಪರೀಕ್ಷೆ ಸುಲಭವಿತ್ತು ಎಂದಳು.

ನಿಮ್ಮಪ್ಪ ಬಂದಾಗ ಮೂರು ಗಂಟೆ. ಕಾಗದ ತೆಗೆಯುವಾಗ ಕಟ್ಟು ಮ್ಯಾನೇಜರ ಮೇಜಿನ ಮೇಲೇ ಬಿತ್ತಂತೆ. ಏನಿದು, ಏನು ಬರೆದಿದೆ ಎಂದು ಅವರು ಕೇಳಿದರಂತೆ. 'ಅಮ್ಮ ನನ್ನ ಹೆಸರು ಬರೆದು ಊಟಕ್ಕೆ ಕೊಟ್ಟದ್ದು' ಎಂದು ಇವನು ಸುಳ್ಳು ಹೇಳಿದನಂತೆ. ಅವರು ಬಹಳ ಹೊತ್ತು ಇವನ ಮುಖ ನೋಡಿ, ಆಮೇಲೆ ಸಹಿ ಹಾಕಿದರಂತೆ.

ಅವನು ಕಾಗದವನ್ನು ಮೇಜಿನ ಮೇಲಿಟ್ಟ. ನಿಮ್ಮಮ್ಮ ಅದನ್ನು ಎರಡು ಸಲ ಓದಿದಳು.

"ಅಮ್ಮ, ಇನ್ನು ನನ್ನ ಪರವಾಗಿ ಯಾರಿಗೂ ಏನೂ ಕಳಿಸಬೇಡಿ" ಎಂದ. ದನಿ ಏರಿಸಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಆಯಿತು ಮಗಾ ಎಂದೆ.