ಹಿಂದಿನಿಂದ ಓದುವ ಪೂಂಗೋದೈ

"ಮುಂದಿನ ಸಲ ಈ ಪುಸ್ತಕ ಅಚ್ಚಿಗೆ ಹೋಗೋ ಮುಂಚೆ ನೀನೇ ಓದ್ತೀಯ ತಾಯೀ. ನೀನು ಸರಿ ಅಂದ ಮೇಲೇ ಯಂತ್ರ ತಿರುಗೋದು."

ಹನ್ನೊಂದು ವರ್ಷದ ಹಿಂದೆ ತಮಿಳುನಾಡಿನ ಪಾಳಯಂಕೋಟೆಯ ಒಂದು ಶಾಲೆಯ ವರಾಂಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡನೇ ತರಗತಿಯ ಇಸಕ್ಕಿಗೆ ಪೂಂಗೋದೈ ಕೊಟ್ಟ ಮಾತಿದು. ಹುಡುಗಿ ತಲೆಯೆತ್ತಿರಲಿಲ್ಲ.

ಗುರುವಾರ, ಬೆಳಗಿನ ಐದೂವರೆ. ನಲ್ಲಿಯಲ್ಲಿ ನೀರು ಬರಲು ಇನ್ನೂ ಹೊತ್ತಿದೆ. ಜಗುಲಿಯಲ್ಲಿ ಶುಂಠಿ ಕಾಫಿಯ ಲೋಟ ಪಕ್ಕಕ್ಕಿಟ್ಟುಕೊಂಡು ಪೂಂಗೋದೈ ಕರಡಚ್ಚು ತಿದ್ದುತ್ತಿದ್ದಾರೆ. ಬೆರಳು ಕೊನೆಯ ಪುಟದ ಕೊನೆಯ ಪದದಿಂದ ಹಿಂದಕ್ಕೆ ಸರಿಯುತ್ತದೆ. "ಮುಂದಿನಿಂದ ಓದಿದ್ರೆ ಕಥೆ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಬಿಡುತ್ತೆ. ಅಕ್ಷರ ಕಾಣಲ್ಲ" ಎನ್ನುತ್ತಾರೆ.

ವಯಸ್ಸು ಐವತ್ತೆಂಟು. ಹದಿನೇಳಕ್ಕೇ ಅಚ್ಚುಮೊಳೆ ಜೋಡಿಸಲು ಕೂತವರು, ಮೊಳೆಯ ಕಾಲ ಮುಗಿದಾಗ ಮೂರು ವರ್ಷ ಬೀಡಿ ಸುತ್ತಿದರು. ಆಮೇಲೆ, ಎಲ್ಲರೂ ಅಣ್ಣ ಎಂಬ ಅರ್ಥದಲ್ಲಿ ಅಣ್ಣಾಚಿ ಎನ್ನುವ ಶಂಕರಪಾಂಡಿ ತಮ್ಮ ಪುಟ್ಟ ಪ್ರಕಾಶನಕ್ಕೆ ಕರೆದರು. ಚಿತ್ರಪುಸ್ತಕ ಮುಗಿಸಿ, ಅಧ್ಯಾಯಗಳಿರುವ ಪುಸ್ತಕಕ್ಕೆ ಮೊದಲ ಸಲ ಕೈಹಾಕುವ ಏಳೆಂಟು ವರ್ಷದವರಿಗಾಗಿ ಅವರು ಪುಸ್ತಕ ತರುತ್ತಾರೆ. ನಲವತ್ತೆಂಟು ಪುಟ, ಆರು ಅಧ್ಯಾಯ. ಕಳೆದುಹೋದ ರಬ್ಬರು, ಪಕ್ಕದವಳ ಬುತ್ತಿಯ ವಾಸನೆ, ಬೇಗ ಹೊಡೆದ ಗಂಟೆ, ಇಂಥವೇ ಕಥೆ. ಪೂಂಗೋದೈ ದಿನಕ್ಕೆ ಮೂವತ್ತೆರಡು ಪುಟ ನೋಡುತ್ತಾರೆ. ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ.

ಮೊದಲು ಅವರೂ ಎಲ್ಲರಂತೆ ಮುಂದಿನಿಂದಲೇ ಓದುತ್ತಿದ್ದರು. ತಮಿಳಿನಲ್ಲಿ ಪಳ್ಳಿ ಎಂದರೆ ಶಾಲೆ, ಪಲ್ಲಿ ಎಂದರೆ ಹಲ್ಲಿ. ಸೆಂಬಾ ಎಂಬ ಹುಡುಗಿಯ ಕಥೆಯ ಹದಿನಾಲ್ಕನೇ ಪುಟದಲ್ಲಿ ಅವರ ಕಣ್ಣು ತಪ್ಪಿತು. ಸೆಂಬಾ ಪಲ್ಲಿಯೊಳಗೆ ಓಡಿದಳು ಎಂದೇ ಅಚ್ಚಾಯಿತು. ತರಗತಿಯಲ್ಲಿ ಎದ್ದು ನಿಂತು ಓದಿದ ಇಸಕ್ಕಿ, ಅಕ್ಷರ ಅಕ್ಷರ ಕೂಡಿಸಿ, ಇದ್ದದ್ದನ್ನು ಇದ್ದಂತೆಯೇ ಓದಿದಳು. ಟೀಚರು ಗದರಿದರು. ಮಕ್ಕಳು ನಕ್ಕು, ಅಂದಿನಿಂದ ಅವಳನ್ನು ಕಂಡಾಗಲೆಲ್ಲ ಹಲ್ಲಿಯಂತೆ ಲೊಚಗುಟ್ಟಿದರು. ಸುದ್ದಿ ಕೇಳಿ ಪೂಂಗೋದೈ ಆ ಶಾಲೆಗೆ ಹೋಗಿ ಮಾತು ಕೊಟ್ಟಿದ್ದು ಆಗಲೇ. ಹತ್ತನೇ ತರಗತಿ ಮುಗಿಯುವವರೆಗೂ ಅವಳು ಗಟ್ಟಿಯಾಗಿ ಓದಲಿಲ್ಲ.

"ಸರಿಯಾಗಿ ಓದಿದ್ದು ಅವಳೊಬ್ಬಳೇ. ತಪ್ಪು ನಂದು" ಎನ್ನುತ್ತಾರೆ ಪೂಂಗೋದೈ.

ಆ ಪುಸ್ತಕದ ಎರಡು ಸಾವಿರ ಪ್ರತಿ ಮುಗಿಯಲು ಹನ್ನೊಂದು ವರ್ಷ ಹಿಡಿಯಿತು. ಈಗ ಮರುಮುದ್ರಣ. ನಾಳೆ ಶುಕ್ರವಾರ ಅಚ್ಚಿಗೆ ಹೋಗಬೇಕು, ಇಲ್ಲವಾದರೆ ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ ಸಿಗುವುದಿಲ್ಲ. ಇಸಕ್ಕಿ ಈಗ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿದ್ದಾಳೆ. ಪೂಂಗೋದೈ ಎರಡು ಸಲ ಹೋಗಿ ಕರೆದರು. ಎರಡು ಸಲವೂ ಆ ಪುಸ್ತಕದ ಮುಖ ನೋಡಲಾರೆ ಎಂದಳು.

"ಅಕ್ಕಾ, ಆ ಹುಡುಗಿ ಬರ್ದೇ ಇದ್ರೆ?" ನಿನ್ನೆ ಅಣ್ಣಾಚಿ ಕೇಳಿದ್ದರು.

"ಯಂತ್ರ ಕಾಯ್ಲಿ ಅಣ್ಣಾಚಿ."

"ಯಂತ್ರ ಕಾಯುತ್ತೆ. ಜೂನ್ ಕಾಯುತ್ತಾ?"

ಆರು ಗಂಟೆಗೆ ಗೇಟಿನ ಚಿಲಕ ಸದ್ದಾಗುತ್ತದೆ. ಇಸಕ್ಕಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದಿದ್ದಾಳೆ, ಕೊರಳಲ್ಲಿ ಅಳತೆಯ ಟೇಪು. ಹತ್ತೇ ನಿಮಿಷ ಇರುವುದು ಎಂದು ಹೇಳಿಯೇ ಕೂರುತ್ತಾಳೆ. ಹದಿನಾಲ್ಕನೇ ಪುಟ ತೆರೆದು, ಮೆಲ್ಲಗೆ, ಆದರೆ ಕೇಳುವಂತೆ ಓದುತ್ತಾಳೆ: ಸೆಂಬಾ ಪಳ್ಳಿಯೊಳಗೆ ಓಡಿದಳು. ಪೂಂಗೋದೈ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹುಡುಗಿ ನಿಲ್ಲಿಸುವುದಿಲ್ಲ. ಪುಟ ತಿರುವುತ್ತ ಹತ್ತೊಂಬತ್ತಕ್ಕೆ ಬಂದು ತಡೆಯುತ್ತಾಳೆ. "ಅತ್ತೆ, ಶಾಲೆಗೆ ಬಾಲ ಇರುತ್ತಾ?"

ಆ ಪುಟದಲ್ಲಿ ಗೋಡೆಯ ಹಲ್ಲಿಯ ಬಾಲ ಕಳಚಿ ಟೀಚರ ಮೇಜಿನ ಮೇಲೆ ಬೀಳಬೇಕು. ಹಳೆಯ ತಪ್ಪಿಗೆ ಹೆದರಿದ ಅಣ್ಣಾಚಿ, ಪುಸ್ತಕದಲ್ಲಿದ್ದ ಪಲ್ಲಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಪಳ್ಳಿ ಮಾಡಿಸಿದ್ದಾರೆ. ಈಗ ಬೀಳುತ್ತಿರುವುದು ಶಾಲೆಯ ಬಾಲ. ಹಿಂದಿನಿಂದ ಒಂದೊಂದೇ ಪದ ಓದಿಕೊಂಡು ಬಂದ ಪೂಂಗೋದೈಗೆ ಪಳ್ಳಿ ಸರಿಯಾದ ಪದವಾಗಿಯೇ ಕಂಡಿದೆ.

ಇಸಕ್ಕಿಗೆ ನಗು ತಡೆಯಲಾಗುತ್ತಿಲ್ಲ. ಪೂಂಗೋದೈ ಪೆನ್ಸಿಲನ್ನು ಅವಳ ಕೈಗೆ ಕೊಡುತ್ತಾರೆ. "ನೀನೇ ಸುತ್ತು ಹಾಕು ತಾಯೀ. ಪೂರ್ತಿ ಓದು, ಮುಂದಿನಿಂದ."

ಅವಳು ಏಳು ಕಡೆ ಸುತ್ತು ಹಾಕಿದಳು. ಅಂದು ಅಂಗಡಿಗೆ ತಡವಾಗಿ ಹೋದಳು. ಶುಕ್ರವಾರ ಯಂತ್ರ ನಿಂತೇ ಇತ್ತು. ತಿದ್ದಿದ ಪುಟಗಳನ್ನು ನೋಡಿ ಶನಿವಾರ ಬೆಳಿಗ್ಗೆ ಇಸಕ್ಕಿ ಸರಿ ಅಂದಳು. ಆಮೇಲೆ ಯಂತ್ರ ತಿರುಗಿತು.