ಗಾಜಿಗೆ ಅಂಟಿದ ಮುಖ

“ಎಳಿಬ್ಯಾಡ್ರಿ ಅಕ್ಕಾ! ಎಳದ್ರ ಮಾರಿ ಗಾಜಿಗೇ ಉಳಿತದ.”

ಭಾಲ್ಕಿಯ ಫ್ರೇಮ್ ಅಂಗಡಿಯ ಚಾಚಾ ನನ್ನ ಕೈ ತಡೆದರು. ಬರ ಬಿದ್ದು ಭಾತಂಬ್ರಾದ ನಮ್ಮ ಓಣಿಯವರೆಲ್ಲ ಹೈದರಾಬಾದಿಗೆ ದುಡಿಯಲು ಹೋಗಿದ್ದಾರೆ. ಪಕ್ಕದ ಮನೆಯ ಕೀಲಿ ನನ್ನ ಬಳಿ ಇದೆ. ಅವರ ಮದುವೆ ಫೋಟೊ ಒರೆಸಲು ಗಾಜಿನ ಮೇಲೆಯೇ ನೀರು ಸುರಿದಿದ್ದೆ. ಅದು ಒಳಗಿಳಿದು ಫೋಟೊ ಗಾಜಿಗೆ ಅಂಟಿತ್ತು.

“ಹಂಗೇ ಇರ್ಲಿ ಬಿಡ್ರಿ. ಇನ್ನ ಮ್ಯಾಲ ನೀರು ಬಟ್ಟಿಗಿ ಹಾಕ್ರಿ, ಗಾಜಿಗಲ್ಲ,” ಎಂದ ಚಾಚಾ ಗೋಡೆಯತ್ತ ತಿರುಗಿ, ಅಲ್ಲಿದ್ದ ಫೋಟೊಗಳನ್ನು ಒಂದೊಂದಾಗಿ ಒರೆಸತೊಡಗಿದರು. ಕಟ್ಟು ಹಾಕಿಸಲು ಕೊಟ್ಟವರು ಊರು ಬಿಟ್ಟಿದ್ದರು. ಒಯ್ಯಲು ಯಾರೂ ಬಂದಿರಲಿಲ್ಲ.

“ದಿನಾ ಒರಸ್ತೀರೇನ್ರಿ?”

“ಮತ್ತ ಯಾರ ಮಾರಿ ನೋಡ್ಲಿರಿ?”

ಪಕ್ಕದ ಮನೆಯ ಫೋಟೊ ಮತ್ತೆ ಮೊಳೆಗೆ ಏರಿದೆ. ಹಿಂಡಿದ ಬಟ್ಟೆಯಿಂದ ನಾನೂ ಈಗ ದಿನಾ ಒರೆಸುತ್ತೇನೆ, ಧೂಳಿಲ್ಲದ ದಿನವೂ.