ಪ್ರಮೀಳಾ ಹಾಕಿದ ಬೀಗ

ಹೆಣ್ಣು-ಗಂಡು ಕೂಡಿಸುವುದರಲ್ಲಿ ಹೊನ್ನಾಳಿಯ ಪ್ರಮೀಳಾಳದು ಎತ್ತಿದ ಕೈ. ಚನ್ನಗಿರಿ, ನ್ಯಾಮತಿ, ಜಗಳೂರು ಎಲ್ಲ ಕಡೆಯಿಂದಲೂ ಬಯೋಡೇಟಾ, ಫೋಟೊ, ಜಾತಕ ಬಂದು ಅವಳ ಪಡಸಾಲೆಯ ಕಂಪ್ಯೂಟರ್ ಸೇರುತ್ತಿದ್ದವು. ಬಯೋಡೇಟಾದಲ್ಲಿ ಬರೆಯಲಾಗದ್ದನ್ನು ಹೆಣ್ಣುಮಕ್ಕಳು ಅವಳ ಕಿವಿಯಲ್ಲಿ ಹೇಳುತ್ತಿದ್ದರು. ಮರೆತುಹೋದೀತೆಂದು ಅದನ್ನೂ ಬರೆದು, ಒಂದು ಫೋಲ್ಡರಿನಲ್ಲಿಟ್ಟು, ಪಾಸ್‌ವರ್ಡಿನ ಬೀಗ ಹಾಕಿದ್ದಳು. ಪಾಸ್‌ವರ್ಡ್ ಯಾವುದು ಅಂತೀರಿ? ವೀರಭದ್ರ. ಮನೆದೇವರು! ಆ ಮನೆಯ ಲಗ್ನಪತ್ರಿಕೆಗಳ ನೆತ್ತಿಯ ಮೇಲೆಲ್ಲ ಅಚ್ಚಾದ ಹೆಸರು. ಇಡೀ ಬಳಗಕ್ಕೇ ಬೀಗದ ಕೈ ಹಂಚಿದಂತಾಗಿತ್ತು.

ಅತ್ತೆ ನಿರ್ಮಲಮ್ಮನವರ ತಮ್ಮ ಕೊಟ್ರಬಸಪ್ಪನಿಗೆ ಕಂಡವರ ವಿಷಯದಲ್ಲಿ ಮೂಗು ತೂರಿಸದಿದ್ದರೆ ತಿಂದದ್ದು ಅರಗುವುದಿಲ್ಲ. ಒಂದು ದಿನ ಪ್ರಮೀಳಾ ಕಾಫಿಗೆ ಹಾಲಿಟ್ಟು ಬರುವಷ್ಟರಲ್ಲಿ ಆತ ವೀರಭದ್ರನನ್ನು ನೆನೆದು ಫೋಲ್ಡರ್ ತೆಗೆದಿದ್ದ. ಜಗಳೂರಿನ ಸುಧಾಳ ನಿಶ್ಚಿತಾರ್ಥ ಹಿಂದೊಮ್ಮೆ ಮುರಿದಿದ್ದ ಸಂಗತಿ ವಾರದೊಳಗೆ ಗಂಡಿನ ಮನೆ ಮುಟ್ಟಿತು. ಕೂಡಿಬಂದ ಸಂಬಂಧ ಕೈತಪ್ಪಿತು. ಸುಧಾ ಫೋನಿನಲ್ಲಿ ಬೈಯಲಿಲ್ಲ. "ನನ್ನ ಹೆಸರು ಅಳಿಸಿಬಿಡ್ರಿ ಅಕ್ಕಾ" ಎಂದಳು, ಅಷ್ಟೇ. ಬೈದಿದ್ದರೇ ವಾಸಿಯಿತ್ತು. ಪ್ರಮೀಳಾಳಿಗೆ ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ಪಾಸ್‌ವರ್ಡ್ ಬದಲಾಯಿಸಿದಳು. ಅದರಲ್ಲಿ ದೇವರಿಲ್ಲ, ಮಗನ ಹೆಸರಿಲ್ಲ, ಮದುವೆಯ ತಾರೀಖಿಲ್ಲ. ಅರ್ಥವೇ ಇಲ್ಲದ ಹದಿನಾರು ಅಕ್ಷರ-ಅಂಕಿ. ಬಾಯಿಪಾಠವಾಗುವವರೆಗೆ ರೊಟ್ಟಿ ಬಡಿಯುವಾಗಲೂ ಮನಸ್ಸಿನಲ್ಲೇ ಹೇಳಿಕೊಂಡಳು. ಗಂಡ ಸಿದ್ದಲಿಂಗೇಶನಿಗೂ ತಿಳಿಸಲಿಲ್ಲ. ಅವನು ನಾಲ್ಕು ದಿನ ಮುಖ ಊದಿಸಿಕೊಂಡು ತಿರುಗಿ ಸುಮ್ಮನಾದ.

ಆಮೇಲೆ ಬಂದವಳು ಕೆರೆಬಿಳಚಿಯ ಹೇಮಾವತಿ. ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಹುಡುಗನಿಗೆ ತಾನೇ ಬಾಯಿಬಿಟ್ಟು ಹೇಳುತ್ತೇನೆ, ಅಲ್ಲಿಯವರೆಗೆ ಬೇರೆಯವರಿಂದ ತಿಳಿಯಬಾರದು ಎಂದು ಕೈಹಿಡಿದು ಕೇಳಿಕೊಂಡಳು. ನ್ಯಾಮತಿಯ ರಘುನಾಥ ಅವಳನ್ನು ನೋಡಿ ಹೋದ ಮರುದಿನವೇ ಕೊಟ್ರಬಸಪ್ಪ ಹಾಜರ್. ಪ್ರಮೀಳಾ ಬೇಕೆಂತಲೇ ಕಾಫಿ ಮಾಡಲು ಎದ್ದಳು. ಆತ ಮನೆದೇವರು, ಊರದೇವರು, ಅಕ್ಕ, ಭಾವ, ಮೊಮ್ಮಗ ಎಲ್ಲರ ಹೆಸರನ್ನೂ ಹೊಡೆದು ನೋಡಿದ. ಫೋಲ್ಡರ್ ಜಪ್ಪಯ್ಯ ಅನ್ನಲಿಲ್ಲ. ಕಾಫಿ ಬಂದಾಗ ಇಂಗು ತಿಂದ ಮಂಗನಂತೆ ಕೂತಿದ್ದ.

"ನಮ್ಮೋರತ್ರಾನೂ ಮುಚ್ಚಿಡಾದು ಏನೈತೆ ಪ್ರಮೀಳಾ?" ಎಂದ.

"ಇದರಾಗೆ ನಮ್ಮೋರು ಯಾರೂ ಇಲ್ಲ ಮಾವ. ನನ್ನ ನಂಬಿದೋರು ಅದಾರೆ. ಕಾಫಿ ಕುಡೀರಿ" ಎಂದಳು ಪ್ರಮೀಳಾ. ಇಷ್ಟು ವರ್ಷದಲ್ಲಿ ಆಕೆ ಆತನಿಗೆ ಎದುರಾಡಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ನಿರ್ಮಲಮ್ಮ ತಮ್ಮನತ್ತ ನೋಡದೆ ಒಳಗೆ ನಡೆದರು.

ಹೇಮಾವತಿ ತಾನೇ ಹೇಳಿದಳು. ಮಾತ್ರೆ ಯಾವ ಹೊತ್ತಿಗೆ ಎಂದಷ್ಟೇ ಕೇಳಿದನಂತೆ ರಘುನಾಥ. ಲಗ್ನ ನಿಕ್ಕಿಯಾಯಿತು. ಪ್ರಮೀಳಾ ಗೆದ್ದ ಖುಷಿಯಲ್ಲಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಅಂದು ಮಧ್ಯಾಹ್ನ ನಿರ್ಮಲಮ್ಮ ಬಾಗಿಲು ಮುಂದೆ ಮಾಡಿ ಬಂದು ಸೊಸೆಯ ಪಕ್ಕ ಕುರ್ಚಿ ಎಳೆದುಕೊಂಡರು. ಚನ್ನಗಿರಿಯಲ್ಲಿದ್ದ ಅವರ ಮಗಳ ಗಂಡ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಇನ್ನೊಂದು ಮದುವೆಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

"ನಮ್ಮ ಹುಡುಗೀದೂ ಒಂದು ಬಯೋಡೇಟಾ ಬರೀತೀಯೇನವ್ವ? ಅವಳೇ ಕೇಳ್ಯಾಳೆ. ನನ್ನ ತಮ್ಮಗೆ ಗೊತ್ತಾಗಬಾರ್ದು."

ಪ್ರಮೀಳಾ ತಲೆಯಾಡಿಸಿ, ಫೋಲ್ಡರ್ ತೆಗೆಯಲು ಕೀಲಿಮಣೆಗೆ ಕೈಯಿಟ್ಟಳು. ಅವಳು ಪಾಸ್‌ವರ್ಡ್ ಹೊಡೆದು ಮುಗಿಸುವವರೆಗೂ ನಿರ್ಮಲಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದರು.